ಅಕ್ಕನ ಕಿವಿಯ ಬಾಗಿಲು

ಅಕ್ಕನಿಗೆ ಬೇಕಾದ ಮಾತು ಮಾತ್ರ ಕೇಳಿಸುತ್ತಿತ್ತು ಎಂದು ಅವಳ ಗಂಡನ ಊರು ಆದಿವಾಲದಲ್ಲಿ ಇವತ್ತಿಗೂ ಹೇಳುತ್ತಾರೆ. ಸರಿ, ಬೇಕು ಬೇಡ ಅಂದವರು ಯಾರು? ಅವಳೋ, ಅವಳ ಕಿವಿಯೋ? ಅವಳ ಅತ್ತೆಯದು ಕೀರಲು ದನಿ. ಹಿತ್ತಿಲಿಂದ ಎಷ್ಟು ಕೂಗಿದರೂ ಅಕ್ಕ ತಿರುಗುತ್ತಿರಲಿಲ್ಲ. ಭಾವನದು ದಪ್ಪ ದನಿ. ಕುರಿಹಟ್ಟಿಯಿಂದ ಒಂದು ಮಾತಾಡಿದರೆ ನೀರು ತಂದುಕೊಡುತ್ತಿದ್ದಳು. ಇಷ್ಟೇ ಸಾಕ್ಷಿ. ನಾಟಕ ಆಡುತ್ತಾಳೆ, ತವರಿಗೆ ಕರೆದುಕೊಂಡು ಹೋಗಿ ಎಂದು ಅತ್ತೆ ಮನೆಯವರು ಹೇಳಿಕಳಿಸಿದರು.

ಅದು ಎಪ್ಪತ್ತರ ದಶಕದ ಕೊನೆ. ನಾನು ದುರ್ಗದ ಕಾಲೇಜಿನಲ್ಲಿದ್ದೆ, ಚರ್ಚಾ ಸ್ಪರ್ಧೆಗಳಲ್ಲಿ ಸೋತದ್ದು ಕಡಿಮೆ. ಅವ್ವ ನನ್ನನ್ನೂ ಕರೆದುಕೊಂಡು ಹೊರಟಳು. ಬಸ್ಸಿನಲ್ಲಿ ಹೇಳಿದ್ದು ಒಂದೇ ಮಾತು: "ಸೂಜಿ ವಿಷ್ಯ ಎತ್ತಬ್ಯಾಡ."

ಮದುವೆಗೆ ಮುಂಚೆ ಅಕ್ಕನಿಗೆ ಕ್ಷಯ ಆಗಿತ್ತು. ತಿಂಗಳುಗಟ್ಟಲೆ ಸ್ಟ್ರೆಪ್ಟೊಮೈಸಿನ್ ಸೂಜಿ ಮಾಡಿಸಿ ವಾಸಿಯಾಯಿತು. ಆ ಮದ್ದು ಕೆಲವರ ಕಿವಿ ಕೆಡಿಸುತ್ತದೆ. ಕೀರಲು ದನಿ ಹಿಡಿಯುವ ಕೋಶಗಳೇ ಮೊದಲು ಸಾಯುತ್ತವೆ. ಆದರೆ ಕ್ಷಯವನ್ನು ಮುಚ್ಚಿಟ್ಟು ಹೆಣ್ಣು ಕೊಟ್ಟರು ಎಂದು ಗೊತ್ತಾದರೆ ಅವಳು ಆ ಮನೆಯಲ್ಲಿ ಇರುವಂತಿರಲಿಲ್ಲ. ಸೂಜಿ ಬಿಟ್ಟು ವಾದ ಮಾಡಬೇಕಿತ್ತು.

ಜಗಲಿಯ ಮೇಲೆ ಹಿರಿಯರು ಕೂತಿದ್ದರು. ಅಕ್ಕ ಕಂಬದ ಹತ್ತಿರ ಉಣ್ಣೆ ಬಿಡಿಸುತ್ತಿದ್ದಳು. ಪ್ರಾಣಿಶಾಸ್ತ್ರದ ಮೇಷ್ಟ್ರು ಕಲಿಸಿದ್ದನ್ನು ನಾನು ಒಪ್ಪಿಸಿದೆ. ಒಳಗಿವಿಯ ಕೋಶಗಳ ಮೇಲೆ ಕೂದಲಿನಂಥ ಎಳೆಗಳಿವೆ. ಸದ್ದಿಗೆ ಎಳೆ ಅಲುಗಿದಾಗ ಕೋಶದ ಬುಡದಲ್ಲಿರುವ ಬಾಗಿಲು ತೆರೆದು, ಸುಣ್ಣದಲ್ಲಿರುವ ಕ್ಯಾಲ್ಸಿಯಂ ಒಳಗೆ ಹೋಗಬೇಕು; ಆಮೇಲೇ ನರಕ್ಕೆ ಸುದ್ದಿ. ಹೊರಗೆ ಉಪ್ಪಿನ ಸೋಡಿಯಂ ಎಷ್ಟೋ ಪಟ್ಟು ಜಾಸ್ತಿ, ಗಾತ್ರವೂ ಹೆಚ್ಚುಕಡಿಮೆ ಒಂದೇ. ಆದರೂ ಬಾಗಿಲು ಒಳಗೆ ಬಿಡುವುದು ಕ್ಯಾಲ್ಸಿಯಮ್ಮನ್ನೇ. ಅದರ ವಿದ್ಯುದಂಶ ಇಮ್ಮಡಿ, ಬಾಗಿಲು ಅದನ್ನು ಬಿಗಿಯಾಗಿ ಸೆಳೆಯುತ್ತದೆ. ಇದಕ್ಕೆ ಪೂರ್ತಿ ಪುರಾವೆ ಇನ್ನೂ ಇಲ್ಲ ಎಂದೂ ಮೇಷ್ಟ್ರು ಹೇಳಿದ್ದರು. ಅದನ್ನು ನಾನು ಅಲ್ಲಿ ಹೇಳಲಿಲ್ಲ.

"ಆ ಬಾಗ್ಲು ನಾಟ್ಕ ಆಡ್ತೈತೇನ್ರಿ?" ಎಂದೆ.

ಎಲೆಗೆ ಸುಣ್ಣ ಸವರುತ್ತಿದ್ದ ಹಿರಿಯನೊಬ್ಬ, "ಹಂಗಾರೆ ಗಂಡನ ಮಾತು ಸುಣ್ಣ, ಅತ್ತೆ ಮಾತು ಉಪ್ಪು ಅಂತೀಯೇನವ್ವ?" ಎಂದ. ಎಲ್ಲರೂ ನಕ್ಕರು.

"ಉಪ್ಪಿಲ್ದೆ ಉಣ್ಲಿ ಬಿಡ್ರಿ ಅವ್ಳು," ಎಂದಳು ಅತ್ತೆ.

ಅವನು ತಮಾಷೆಗೆ ಬೆರಳಿಟ್ಟದ್ದು ನನ್ನ ವಾದದ ತೂತಿನ ಮೇಲೇ. ಆ ಬಾಗಿಲು ಆಯುವುದು ಕಣಗಳನ್ನು, ದನಿಗಳನ್ನಲ್ಲ. ಕೀರಲು ದನಿ ಯಾಕೆ ಕೇಳಿಸುವುದಿಲ್ಲ ಎಂದರೆ ಕೋಶ ಸತ್ತಿವೆ ಅನ್ನಬೇಕು. ಯಾಕೆ ಸತ್ತವು ಎಂದರೆ ಸೂಜಿ. ಅವ್ವ ನನ್ನನ್ನೇ ನೋಡುತ್ತಿದ್ದಳು. ನಾನು ಕೂತೆ.

"ಆತು, ಕರ್ಕಂಡ್ ಹೋಗ್ರಿ," ಎಂದರು ಹಿರಿಯರು. ಭಾವ ಬಾಗಿಲ ಪಕ್ಕ ನಿಂತೇ ಇದ್ದರು.

ವಾಪಸು ಬರುವಾಗ ಹಿರಿಯೂರಿನಲ್ಲಿ ಬಸ್ಸು ತುಂಬ ಹೊತ್ತು ನಿಂತಿತ್ತು. ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ, ಕಡಲೆಕಾಯಿ ತಿಂದೆ. ಅಕ್ಕ ತಾನಾಗಿ, "ನಿಮ್ ಭಾವಂಗೆ ಸೂಜಿ ವಿಷ್ಯ ಗೊತ್ತೈತೆ. ಮದ್ವೆ ಆದ ಹೊಸ್ದ್ರಾಗೇ ಹೇಳಿದ್ದೆ," ಎಂದಳು.

ಅವಳಿಗೆ ಕೇಳಿಸಲೆಂದು ದನಿ ದಪ್ಪ ಮಾಡಿ, "ಏನಂದ್ರು?" ಎಂದೆ.

"ಇರ್ಲಿ ಬಿಡು ಅಂದ್ರು."

ಭಾವ, ಆ ಜಗಲಿಯಲ್ಲಿ ಅಷ್ಟು ಹೊತ್ತೂ ಅಕ್ಕ ನೋಡುತ್ತಿದ್ದುದು ನಿಮ್ಮ ಮುಖವನ್ನೇ. ಎಲ್ಲ ಗೊತ್ತಿದ್ದೂ ನೀವು ಯಾಕೆ ಒಂದು ಮಾತೂ ಆಡಲಿಲ್ಲ?