ಕಣಗಿಲೆಯ ಹೆಸರು ಮುಚ್ಚಿಟ್ಟ ದಿನ

“ಇದ್ಯಾವ ಗಿಡ ಅಂತ ನಿಂಗೇನಾದ್ರೂ ಗೊತ್ತೇನೇ?” ಅಮೆರಿಕದ ಪ್ಲೇನ್‌ಫೀಲ್ಡ್‌ನ ತನ್ನ ಹೊಸ ಮನೆಯ ಹಿತ್ತಲಲ್ಲಿ ಗೆಳತಿ ವೀಣಾ ಗುಲಾಬಿ ಬಣ್ಣದ ಹೂಗೊಂಚಲು ತೋರಿಸಿ ಕೇಳಿದಳು. ಮೆಡಿಟರೇನಿಯನ್ ಶೈಲಿಯ ತೋಟವಂತೆ. ದೊಡ್ಡ ಮಣ್ಣಿನ ಕುಂಡಗಳಲ್ಲಿ ಲ್ಯಾವೆಂಡರ್, ಆಲಿವ್, ನಡುವೆ ಈ ಹೆಸರಿಲ್ಲದ ಗಿಡ.

ನನಗೆ ನೋಡಿದ ಕೂಡಲೇ ಗೊತ್ತಾಯಿತು. ಮೈಸೂರಿನಲ್ಲಿ ನಮ್ಮಜ್ಜಿ ದಿನವೂ ಪೂಜೆಗೆ ಕೊಯ್ಯುತ್ತಿದ್ದ ಕಣಗಿಲೆ! ಮುಂಬೈನ ಫ್ಲ್ಯಾಟಿನಲ್ಲಿ ಬೆಳೆದ ವೀಣಾಗೆ ಅದು ಹೊಸದು. ರಿಸೆಷನ್‌ನಲ್ಲಿ ನನ್ನ ಗಂಡನ ಕೆಲಸ ಹೋಗಿ, ನಾವು ಮನೆ ಮಾರಿ ಡೌನರ್ಸ್ ಗ್ರೋವ್‌ನ ಬಾಡಿಗೆ ಅಪಾರ್ಟ್‌ಮೆಂಟ್ ಸೇರಿದ್ದ ಬೇಸಿಗೆ ಅದು. ಅವಳ ತೋಟ ನೋಡಿ ಹೊಟ್ಟೆ ಉರಿಯುತ್ತಿತ್ತು. ಇವಳಿಗೆ ಎಲ್ಲವೂ ಇದೆ, ಆ ಹೆಸರೊಂದಾದರೂ ನನ್ನ ಬಳಿಯೇ ಇರಲಿ ಅನ್ನಿಸಿತು.

“ಗೊತ್ತಿಲ್ಲ ಕಣೇ” ಎಂದೆ.

ಅಷ್ಟರಲ್ಲಿ ಅವಳ ಮೂರು ವರ್ಷದ ಮಗಳು ಒಂದು ಹೂ ಕಿತ್ತು ಬಾಯಿಯ ಹತ್ತಿರ ಒಯ್ದಳು. ಓಡಿಹೋಗಿ ಅವಳ ಕೈ ಹಿಡಿದೆ. “ಬೇಡ ಪುಟ್ಟಾ! ಅದು ಕಣಗಿಲೆ, ವಿಷ!”

ವೀಣಾ ಮಗುವಿನ ಕೈ ತೊಳೆಸಿ ಬಂದು ನನ್ನನ್ನೇ ನೋಡಿದಳು. “ಗೊತ್ತಿಲ್ಲ ಅಂದ್ಯಲ್ಲೇ?”

ನಾನು ಬಗ್ಗಿ, ನೆಲಕ್ಕೆ ಬಿದ್ದಿದ್ದ ಹೂವನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದೆ. ಅವಳು ಮತ್ತೆಂದೂ ಕೇಳಲಿಲ್ಲ. ಈಗ ಕಾಲೇಜಿಗೆ ಹೋಗುವ ಆ ಹುಡುಗಿ “ಆಂಟಿ” ಎಂದು ನನ್ನನ್ನು ತಬ್ಬಿಕೊಂಡಾಗಲೆಲ್ಲ ಆ ಹೂ ಹಿಡಿದಿದ್ದ ಪುಟ್ಟ ಕೈ ನೆನಪಾಗುತ್ತದೆ.