ಸಿ ರ‍್ಯಾಂಪಿನ ಆರು ಬೋರ್ಡುಗಳು

ಬೆಳಕು ಇನ್ನೂ ಬಂದಿಲ್ಲ, ಕತ್ತಲೆ ಕೊಂಚ ತೆಳುವಾಗಿದೆ ಅಷ್ಟೆ. ಒಂದು ಹೆದ್ದಾರಿಯಿಂದ ಇಳಿದು, ಸುತ್ತು ಹಾಕಿ ಇನ್ನೊಂದಕ್ಕೆ ಸೇರುವ ದಾರಿಯ, ಅಂದರೆ ರ‍್ಯಾಂಪಿನ, ಅಂಚಿನಲ್ಲಿ ಒಬ್ಬರು ನೆಲದ ಮೇಲೆ ಕೂತಿದ್ದಾರೆ. ಮೈಮೇಲೆ ಕಿತ್ತಳೆ ಬಣ್ಣದ ಜಾಕೀಟು, ಪಕ್ಕದಲ್ಲಿ ಸೋಪಿನ ನೀರಿನ ಬಕೆಟ್ಟು. ಎದುರಿಗೆ ಎದೆಯೆತ್ತರದ ಕಬ್ಬಿಣದ ಕಂಬ, ಅದಕ್ಕೆ ಸ್ಲೇಟಿನಷ್ಟೇ ದೊಡ್ಡದಾದ ಹಸಿರು ಬೋರ್ಡು. ಅದನ್ನು ಅವರು ಒಂದನೇ ತರಗತಿಯ ಮಗುವಿನ ಹಾಗೆ ಗಟ್ಟಿಯಾಗಿ ಓದುತ್ತಾರೆ.

"ನಲವತ್ತೇಳು. ಸಿ. ಸೊನ್ನೆ ಪಾಯಿಂಟ್ ಆರು."

ಕತ್ತು ವಾಲಿಸಿ ಇನ್ನೊಂದು ಸಲ ಓದುತ್ತಾರೆ. ಆಮೇಲೆ ಎದ್ದು, ಪ್ಯಾಂಟಿಗೆ ಅಂಟಿದ ಮಣ್ಣು ಕೊಡವಿ, ಮೆತ್ತನೆಯ ಬಟ್ಟೆಯಿಂದ ಬೋರ್ಡಿನ ಮುಖ ಒರೆಸುತ್ತಾರೆ. ಉಜ್ಜುವುದಿಲ್ಲ. ಉಜ್ಜಿದರೆ ಗೀರು ಬೀಳುತ್ತದೆ, ಗೀರು ಬಿದ್ದ ಬೋರ್ಡು ರಾತ್ರಿ ಹೊಳೆಯುವುದಿಲ್ಲ.

ಕೂತು ಓದುವುದು ಯಾಕೆ ಎಂದು, ಪತ್ರಿಕೆಗೆ ಬರೆಯಲು ಬಂದ ನಾನು ಕೇಳಿದರೆ, ಇದೆಂಥ ಪ್ರಶ್ನೆ ಎನ್ನುವಂತೆ ನೋಡುತ್ತಾರೆ. "ಓಡೋ ಗಾಡಿಗೆ ತಲೆ ಮೇಲೆ ಮನೆಯಷ್ಟು ದೊಡ್ಡ ಬೋರ್ಡ್ ಇದೆಯಲ್ಲಮ್ಮ. ಇದು ನಿಂತೋರಿಗೆ. ಗಾಡಿ ಕೆಟ್ಟು ನಿಂತೋರಿಗೆ, ಗುದ್ಕೊಂಡು ಬಿದ್ದೋರಿಗೆ. ಅವರು ಹೀಗೆ ನೆಲದ ಮೇಲೇ ಕೂತಿರ್ತಾರೆ. ಅಲ್ಲಿಂದ ಕಾಣ್ಬೇಕು."

ತುರ್ತು ಸಹಾಯಕ್ಕೆ ಫೋನ್ ಮಾಡಿದವರಿಗೆ ಎದುರಾಗುವ ಮೊದಲ ಪ್ರಶ್ನೆ, ಎಲ್ಲಿದ್ದೀರಿ? ಊರಿನ ಬೀದಿಯಾದರೆ ಅಂಗಡಿ, ಶಾಲೆ, ಮರ ಏನಾದರೂ ಹೇಳಬಹುದು. ಇಲ್ಲಿ ಎಂಟು ರ‍್ಯಾಂಪುಗಳು ಒಂದರ ಮೇಲೊಂದು, ಒಂದರ ಕೆಳಗೊಂದು ಹೊಸೆದುಕೊಂಡಿವೆ. ಎತ್ತ ನೋಡಿದರೂ ಅದೇ ಸಿಮೆಂಟಿನ ಗೋಡೆ, ಅದೇ ಒಣ ಹುಲ್ಲು. ಅಜ್ಜಿ ಹೇಳುತ್ತಿದ್ದ ಕತೆಗಳ ಏಳು ಸುತ್ತಿನ ಕೋಟೆಯನ್ನು ಯಾರೋ ಬಿಚ್ಚಿ ನೆಲಕ್ಕೆ ಹಾಸಿದಂತಿದೆ. ಕೋಟೆಯ ಬಾಗಿಲಲ್ಲಾದರೂ ದಾರಿ ಹೇಳುವ ಒಬ್ಬ ಮುದುಕಿ ಕೂತಿರುತ್ತಿದ್ದಳು. ಇಲ್ಲಿ ಆ ಕೆಲಸಕ್ಕೆ ನೂರು ಮೀಟರಿಗೊಂದು ಹಸಿರು ಬೋರ್ಡು ನಿಂತಿದೆ: ಮೊದಲು ರಸ್ತೆಯ ಸಂಖ್ಯೆ, ಆಮೇಲೆ ರ‍್ಯಾಂಪಿನ ಅಕ್ಷರ, ಕೊನೆಗೆ ರ‍್ಯಾಂಪು ಶುರುವಾದಲ್ಲಿಂದ ಎಷ್ಟು ಕಿಲೋಮೀಟರ್ ದೂರ ಎಂಬುದು.

ಇಂಥ ಮೂರು ಕೂಡುರಸ್ತೆಗಳು, ಇನ್ನೂರ ಹದಿನಾಲ್ಕು ಬೋರ್ಡುಗಳು, ನೋಡಿಕೊಳ್ಳಲು ಇವರೊಬ್ಬರು. ಇಲಾಖೆಯಲ್ಲಿ ಎಲ್ಲರೂ ಅವರನ್ನು 'ನಂಬರಣ್ಣ' ಎನ್ನುತ್ತಾರೆ. ಇಲ್ಲಿಗೆ ಸೇರುವ ಮೊದಲು ಅವರು ಲಾರಿಗಳಿಗೆ ನಂಬರ್ ಬರೆಯುತ್ತಿದ್ದರು. ಅಂಕೆಯ ಹೊಟ್ಟೆ, ಬಾಲ, ಸೊಂಟ ಎಲ್ಲ ಅವರಿಗೆ ನೆಂಟರಷ್ಟು ಪರಿಚಯ. "ಮೂರಕ್ಕೂ ಎಂಟಕ್ಕೂ ಧೂಳು ಬಿದ್ರೆ ಗುರುತೇ ಸಿಗಲ್ಲ. ಅವೆರಡರ ಮುಖ ದಿನಾ ತೊಳೀಬೇಕು. ಏಳು ಪಾಪ, ತನ್ನ ಪಾಡಿಗೆ ತಾನಿರುತ್ತೆ."

ಈ ಕೆಲಸಕ್ಕೆ ಇಪ್ಪತ್ತಾರು ವರ್ಷವಾಗಿದೆ. ಬರುವ ಗಾಡಿಗೆ ಮುಖ ಮಾಡಿಯೇ ನಡೆಯಬೇಕು ಎಂಬುದು ಇಲ್ಲಿ ಮೊದಲ ದಿನ ಕಲಿಸುವ ಪಾಠ, ಬೆನ್ನು ಕೊಟ್ಟವರು ಬದುಕುವುದಿಲ್ಲ. ಹಾಗಾಗಿ ಇಷ್ಟು ವರ್ಷವೂ ರಸ್ತೆಗೆ ಒಂದೇ ಕಿವಿ ಕೊಟ್ಟಿದ್ದಾರೆ. ಆ ಕಿವಿ ಈಗ ಮಂದವಾಗಿದೆ. ಮಾತಾಡಿಸಬೇಕಾದರೆ ಸುತ್ತಿ ಬಂದು ಇನ್ನೊಂದು ಪಕ್ಕದಲ್ಲಿ ನಿಲ್ಲಬೇಕು. ಬೆಳಗಿನಿಂದ ಸಂಜೆವರೆಗೆ ಸುಮಾರು ಹದಿನಾಲ್ಕು ಕಿಲೋಮೀಟರ್ ನಡಿಗೆ, ಪಕ್ಕದಲ್ಲಿ ಸಾವಿರಾರು ಗಾಡಿ. ಆಡುವ ಮಾತು ಬೋರ್ಡು ಓದಿದ್ದಷ್ಟೇ.

"ಒಂದ್ಸಲ ಕಾರಿಂದ ಯಾರೋ ಕೈ ಬೀಸಿದ್ರು," ಎಂದು ನಗುತ್ತಾರೆ. "ನನಗೂ ಖುಷಿಯಾಯ್ತು, ನಾನೂ ಬೀಸಿದೆ. ನೋಡಿದ್ರೆ ಬಾಳೆಹಣ್ಣಿನ ಸಿಪ್ಪೆ ಎಸೀತಿದ್ರು."

ಮನೆಯಲ್ಲಿ ಇರುವುದು ಅವರು ಮತ್ತು ಅವರಿಗಿಂತ ಏಳು ವರ್ಷಕ್ಕೆ ದೊಡ್ಡ ಅಕ್ಕ. ಎರಡು ಕೋಣೆ, ಒಂದು ಕಿಟಕಿ, ಕಿಟಕಿಯ ಕಟ್ಟೆಯ ಮೇಲೆ ತುಕ್ಕು ಹಿಡಿದ ಬೋಲ್ಟುಗಳ ಡಬ್ಬಿ. ನಿನ್ನೆ ಸಂಜೆ ನಾನು ಹೋದಾಗ ಅಕ್ಕ ಬಾಗಿಲಲ್ಲೇ ದೂರು ತೆಗೆದರು. "ಬಾಮ್ಮ ಬಾ, ನೀನಾದ್ರೂ ಅವನ ಬಾಯಿ ಬಿಡಿಸು. ಮನೆಗೆ ಬಂದ್ರೆ ಗೋಡೆ ನೋಡ್ತಾ ಕೂರ್ತಾನೆ. ಗೋಡೆಗೂ ಒಂದು ನಂಬರ್ ಹಾಕಪ್ಪ, ಓದ್ಕೊಂಡಾದ್ರೂ ಇರು ಅಂದೆ."

"ನೀನು ಮಾತಾಡ್ತೀಯಲ್ಲಕ್ಕ, ಇಬ್ಬರಿಗೂ ಸಾಕು," ಎಂದರು ತಮ್ಮ.

"ಹೂಂ, ಮಂದಗಿವಿ ಕಡೆ ಕೂರಿಸ್ಕೊಂಡು ಮಾತಾಡಿಸ್ತೀಯ. ನನಗೆ ಗೊತ್ತಿಲ್ವಾ?"

ಇಂದು ಶುಕ್ರವಾರ. ಜಾಕೀಟಿನ ಒಳಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆಯಿದೆ. ಹತ್ತು ಗಂಟೆಗೆ ಅದನ್ನು ಕಚೇರಿಗೆ ಕೊಡಬೇಕು.

ಹತ್ತು ದಿನದ ಹಿಂದೆ ಮೇಲಿನಿಂದ ಒಂದು ಪತ್ರ ಬಂದಿದೆ. ಈಗ ಎಲ್ಲರ ಕೈಯಲ್ಲೂ ಸ್ಥಳ ತೋರಿಸುವ ಫೋನ್ ಇರುವುದರಿಂದ ರ‍್ಯಾಂಪುಗಳ ಬೋರ್ಡುಗಳನ್ನು ತೆಗೆದುಹಾಕಬಹುದು ಎಂದು ಅದು ಹೇಳುತ್ತದೆ. ಅಲ್ಲದೆ, ಗಾಬರಿಯಲ್ಲಿರುವವರು ಬೋರ್ಡನ್ನು ತಪ್ಪಾಗಿ ಓದುತ್ತಾರೆ, ಹನ್ನೊಂದು ವರ್ಷದ ಹಿಂದೆ ಸಿ ರ‍್ಯಾಂಪಿನಲ್ಲಿ ಹಾಗಾಗಿ ಆಂಬುಲೆನ್ಸ್ ತಡವಾಯಿತು ಎಂದೂ ಹೇಳುತ್ತದೆ. ಆಕ್ಷೇಪವಿದ್ದರೆ ಶುಕ್ರವಾರದೊಳಗೆ ಬರೆದು ತಿಳಿಸಬೇಕು.

ಫೋನಿನ ಮಾತಿಗೆ ನಂಬರಣ್ಣನ ಉತ್ತರ ಸುಲಭ. ನನ್ನ ಫೋನ್ ತೆಗೆಸಿ ನಕ್ಷೆ ನೋಡಿಸುತ್ತಾರೆ. ನೀಲಿ ಚುಕ್ಕೆ ನಾವಿರುವ ಜಾಗದಲ್ಲೇ ಇದೆ, ಆದರೆ ಹೆಸರು ತೋರಿಸುವುದು ನಮ್ಮ ತಲೆಯ ಮೇಲೆ ಹಾದುಹೋಗುವ ಹೆದ್ದಾರಿಯದು. "ಮೇಲೋ ಕೆಳಗೋ ಅದಕ್ಕೇನು ಗೊತ್ತು? ಮೇಲಿನ ರಸ್ತೆಗೆ ಹೋದ ಆಂಬುಲೆನ್ಸು ಕೆಳಗೆ ಹಾರ್ಕೊಂಡು ಬರುತ್ತಾ?"

ಎರಡನೆಯ ಮಾತಿಗೆ ಉತ್ತರ ಇಷ್ಟು ವರ್ಷ ಅವರೊಬ್ಬರಿಗೆ ಮಾತ್ರ ಗೊತ್ತಿತ್ತು. ಅದನ್ನು ಹೇಳುವ ಮೊದಲು ಬಕೆಟ್ಟಿನ ನೀರು ಚೆಲ್ಲಿ, ಬಟ್ಟೆ ಹಿಂಡಿ, ಅದನ್ನು ಕಂಬಕ್ಕೆ ನೇತುಹಾಕಿ, ಸರಿಯಾಗಿ ಎಳೆದು, ಮತ್ತೆ ಎಳೆಯುತ್ತಾರೆ.

"ಹನ್ನೊಂದು ವರ್ಷದ ಹಿಂದೆ ಹಳೇ ಬೋರ್ಡ್ ತೆಗೆದು ಹೊಸಾವು ಹಾಕಿದ್ವಿ. ಒಂದರಿಂದ ಆರರವರೆಗೆ ಕಟ್ಟು ಕಟ್ಟಿ ಕೊಟ್ಟಿದ್ರು. ನಾನು ಎಂದಿನ ಹಾಗೆ ಗಾಡಿಗೆ ಮುಖ ಮಾಡಿ ನಡೆದೆ. ಅಂದ್ರೆ ರ‍್ಯಾಂಪಿನ ಕೊನೆಯಿಂದ ಮೊದಲಿಗೆ. ಕಟ್ಟಿನ ಮೇಲಿಂದ ಒಂದೊಂದೇ ತೆಗೆದು ಹಾಕ್ತಾ ಹೋದೆ. ಅವತ್ತು ಗಾಳಿ ಜೋರಿತ್ತು, ಬೇಗ ಮುಗಿದ್ರೆ ಸಾಕಾಗಿತ್ತು. ಆರು ಇರಬೇಕಾದ ಕಡೆ ಒಂದು, ಒಂದು ಇರಬೇಕಾದ ಕಡೆ ಆರು. ಇಡೀ ರ‍್ಯಾಂಪು ತಲೆಕೆಳಗು."

ಮೂರನೇ ದಿನ ಈ ಕೊನೆಯಲ್ಲಿ ಒಂದು ಕಾರು ಗೋಡೆಗೆ ಹೊಡೆಯಿತು. ಒಳಗಿದ್ದವರು ಒಬ್ಬ ತಂದೆ, ಒಬ್ಬಳು ಮಗಳು. ತಂದೆಯ ಕಾಲು ಸಿಕ್ಕಿಕೊಂಡಿತ್ತು. ಮಗಳು ಹೊರಬಂದು, ಈ ಕಂಬದೆದುರು ನೆಲದ ಮೇಲೆ ಕೂತು ಫೋನ್ ಮಾಡಿ, ಎದುರಿಗೆ ಕಂಡದ್ದನ್ನು ಕಂಡ ಹಾಗೇ ಓದಿದಳು: ಸೊನ್ನೆ ಪಾಯಿಂಟ್ ಒಂದು. ಶುರುವಿನಲ್ಲೇ ಆಗಿದೆ ಎಂದುಕೊಂಡು ಆಂಬುಲೆನ್ಸನ್ನು ಶುರುವಿನಿಂದ ಕಳಿಸಿದರು. ಅಷ್ಟು ಹೊತ್ತಿಗೆ ಕಾರಿನ ಹಿಂದೆ ಅರ್ಧ ಕಿಲೋಮೀಟರ್ ಗಾಡಿಗಳು ಸಾಲುಗಟ್ಟಿದ್ದವು. ಒಂಟಿ ದಾರಿ, ಎರಡೂ ಕಡೆ ಗೋಡೆ. ಸಾಲಿನ ಬಾಲದಲ್ಲಿ ಸಿಕ್ಕಿಕೊಂಡ ಆಂಬುಲೆನ್ಸು ಹಿಂದಕ್ಕೆ ಬಂದು, ಸುತ್ತು ಹಾಕಿ, ಕೊನೆಯ ಬಾಯಿಯಿಂದ ಒಳಗೆ ಬರಲು ಇಪ್ಪತ್ತೆರಡು ನಿಮಿಷ ಹೆಚ್ಚಿಗೆ ಹಿಡಿಯಿತು.

"ಜೀವ ಉಳೀತು. ಕಾಲು ಉಳೀಲಿಲ್ಲ ಅಂತ ಆಂಬುಲೆನ್ಸ್ ಡ್ರೈವರ್ ಹೇಳಿದ. ಹುಡುಗಿ ಯಾವ ನಂಬರ್ ಓದಿದ್ಳು ಅಂತಾನೂ ಅವನೇ ಹೇಳಿದ, ಆಗ ನನ್ನ ತಪ್ಪು ಗೊತ್ತಾಯ್ತು. ಮಾರನೇ ದಿನ ಬೆಳಗಾಗೋ ಮೊದಲೇ ಬಂದು ಆರೂ ಬೋರ್ಡ್ ಬಿಚ್ಚಿ ಸರಿ ಮಾಡಿದೆ. ಯಾರೂ ನೋಡ್ಲಿಲ್ಲ. ಆಮೇಲೆ ತನಿಖೆಗೆ ಬಂದೋರು ಬೋರ್ಡ್ ನೋಡಿದ್ರು. ಎಲ್ಲಾ ಸರಿ ಇತ್ತು. ಆ ಹುಡುಗಿ ತಪ್ಪು ಓದಿದಾಳೆ ಅಂತ ಬರ್ಕೊಂಡು ಹೋದ್ರು. ನಾನು ಅಲ್ಲೇ ನಿಂತಿದ್ದೆ, ಸ್ಪ್ಯಾನರ್ ಕೈಯಲ್ಲಿತ್ತು."

ಅಂದಿನಿಂದ ಶುರುವಾದದ್ದು ಈ ನೆಲದ ಮೇಲೆ ಕೂತು ಓದುವ ಅಭ್ಯಾಸ. ಆ ಮಗಳು ಕೂತಿದ್ದ ಜಾಗದಲ್ಲೇ.

ಅಕ್ಕನಿಗೆ ಈ ಸುದ್ದಿ ಗೊತ್ತಾದದ್ದು ಮೊನ್ನೆ. ಒಂದು ಗಂಟೆ ಒಂದೂ ಮಾತಾಡಲಿಲ್ಲವಂತೆ. "ಅವಳು ಸುಮ್ಮನಾಗಿದ್ದು ನಾನು ಹುಟ್ಟಿದ್ಮೇಲೆ ಅದೇ ಮೊದಲು," ಎಂದು ಇವರು ನಗಲು ನೋಡುತ್ತಾರೆ, ಆಗುವುದಿಲ್ಲ. ಆಮೇಲೆ ಅಕ್ಕ ಪೆನ್ನು ತಂದುಕೊಟ್ಟು, ದೀಪದ ಪಕ್ಕ ಕೂತು, "ಬರಿ. ಸಣ್ಣ ಅಕ್ಷರದಲ್ಲಿ ಬರೆದು ಮುಚ್ಚಿಡ್ಬೇಡ, ದಪ್ಪಗೆ ಬರಿ," ಎಂದರಂತೆ.

ಹತ್ತು ಗಂಟೆ. ಕಚೇರಿಯೆಂದರೆ ತಗಡಿನ ಚಾವಣಿಯ ಒಂದು ಉದ್ದನೆಯ ಕೋಣೆ, ಮೇಜಿನ ಮೇಲೆ ನಕ್ಷೆಗಳ ಸುರುಳಿ, ಮೂಲೆಯಲ್ಲಿ ಗುಡ್ಡೆ ಹಾಕಿದ ಪ್ಲಾಸ್ಟಿಕ್ ಕೋನುಗಳು. ಇಂಜಿನಿಯರ್ ಮೇಡಂ ನಂಬರಣ್ಣನಿಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವರು. ಹಾಳೆಯನ್ನು ಓದಿ, ಮತ್ತೆ ಮೊದಲಿಂದ ಓದುತ್ತಾರೆ.

"ನಂಬರಣ್ಣ, ಇದನ್ನ ಮೇಲಕ್ಕೆ ಕಳಿಸ್ಲೇಬೇಕಾಗುತ್ತೆ. ಕಳಿಸಿದ್ರೆ ಏನಾಗುತ್ತೆ ಗೊತ್ತಲ್ಲ? ಇನ್ನೆರಡು ವರ್ಷ ಸರ್ವಿಸ್ ಇದೆ ನಿಮಗೆ. ಫೋನಿಗೆ ಮೇಲೆ ಕೆಳಗೆ ಗೊತ್ತಾಗಲ್ಲ ಅನ್ನೋದಷ್ಟೇ ಬರೆದ್ರೆ ಸಾಲ್ದಾ?"

"ಅಷ್ಟೇ ಬರೆದ್ರೆ ಆ ಹುಡುಗಿ ತಪ್ಪು ಓದಿದ್ದು ಹಾಗೇ ಉಳಿಯುತ್ತೆ ಮೇಡಂ. ಬೋರ್ಡಿಗೆ ಅದೊಂದೇ ಕೆಟ್ಟ ಹೆಸರು. ಜನ ಸರಿಯಾಗೇ ಓದ್ತಾರೆ. ತಪ್ಪು ಹಾಕಿದೋನು ನಾನು. ತೆಗೆಯೋದಿದ್ರೆ ನನ್ನನ್ನ ತೆಗೀಲಿ, ಬೋರ್ಡ್ ಬೇಡ."

ಮೇಡಂ ಹಾಳೆಯನ್ನು ಮೇಜಿನ ಮೇಲೆ ಹಾಸಿ ಮುದ್ರೆ ಒತ್ತುತ್ತಾರೆ. ಆ ಸದ್ದು ಇವರ ಮಂದ ಕಿವಿಗೂ ಕೇಳಿಸಿರಬೇಕು, ಭುಜ ಒಮ್ಮೆ ಅದುರುತ್ತದೆ.

ಉತ್ತರ ಬರಲು ತಿಂಗಳಾಗಬಹುದು. ಬೋರ್ಡು ಉಳಿಯುತ್ತದೋ, ಇವರು ಉಳಿಯುತ್ತಾರೋ, ಎರಡೂ ಇಲ್ಲವೋ, ಯಾರಿಗೂ ತಿಳಿಯದು. ಹನ್ನೊಂದೂವರೆಗೆ ಅವರು ಮತ್ತೆ ಸಿ ರ‍್ಯಾಂಪಿನ ಕೊನೆಯಲ್ಲಿದ್ದಾರೆ, ಬೆಳಿಗ್ಗೆ ಕಂಬಕ್ಕೆ ನೇತುಹಾಕಿದ್ದ ಬಟ್ಟೆ ಒಣಗಿ ಗರಿಗರಿಯಾಗಿದೆ. ಲಾರಿಯೊಂದು ಹಾದುಹೋದ ಗಾಳಿಗೆ ಜಾಕೀಟು ಉಬ್ಬಿ ಮತ್ತೆ ಮೈಗೆ ಅಂಟುತ್ತದೆ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಒಳ್ಳೆಯ ಕಿವಿಯನ್ನು ನನ್ನ ಕಡೆ ತಿರುಗಿಸಿ ಇನ್ನೊಮ್ಮೆ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಆ ಮಗಳು ಕೂತಿದ್ದ ಜಾಗವನ್ನೇ ನೋಡುತ್ತ ಹೇಳುತ್ತಾರೆ:

"ಅವರು ಎಲ್ಲಿದಾರೋ ನನಗೆ ಗೊತ್ತಿಲ್ಲ. ಎಲ್ಲಾದ್ರೂ ನಿಮ್ಮ ಪೇಪರ್ ಕೈಗೆ ಸಿಕ್ಕಿದ್ರೆ ಓದ್ಲಿ. ದಪ್ಪಕ್ಷರದಲ್ಲೇ ಹೀಗಂತ ಹಾಕಮ್ಮ: ತಾಯಿ, ನೀವು ಅವತ್ತು ಸರಿಯಾಗೇ ಓದಿದ್ರಿ."