ತೊಗಟೆ ಮುಟ್ಟಿ ನೋಡಿದ ಚೇಚಿ

ಕಡಬದಲ್ಲಿ ರಬ್ಬರ್ ಬೆಳೆಯುತ್ತಿದ್ದ ಆ ಕೇರಳ ಮೂಲದ ಹೆಂಗಸನ್ನು ಊರವರೆಲ್ಲ ಮಲಯಾಳದಲ್ಲಿ ಅಕ್ಕ ಎಂಬರ್ಥದ ‘ಚೇಚಿ’ ಎನ್ನುತ್ತಿದ್ದರು. “ಒಮ್ಮೆ ಮುಟ್ಟಿ ನೋಡುವ” ಎನ್ನದೆ ಅವರು ಏನನ್ನೂ ನಂಬುತ್ತಿರಲಿಲ್ಲ; ಅಂಗಡಿಯ ಬಟ್ಟೆಯನ್ನೂ, ನನ್ನ ಲ್ಯಾಪ್‌ಟಾಪನ್ನೂ.

ಇವತ್ತು ರಬ್ಬರ್ ಹಾಲು ತೆಗೆಯಬಹುದೋ ಬೇಡವೋ ಎಂದು ತಿಳಿಸುವ ಆ್ಯಪ್ ಒಂದನ್ನು ನಾನೂ ನನ್ನ ತಂಡದವರೂ ತಯಾರಿಸುತ್ತಿದ್ದೆವು. ಅದನ್ನು ತೋರಿಸಲು ಊರಿನಲ್ಲಿ ಕರೆದ ಸಭೆಯಲ್ಲಿ ರೈತರೆಲ್ಲ ಚೆನ್ನಾಗಿದೆ ಎಂದರು. ಚೇಚಿ ಮಾತ್ರ ನನ್ನನ್ನು ಮರುದಿನ ಬೆಳಿಗ್ಗೆ ತಮ್ಮ ತೋಟಕ್ಕೆ ಕರೆದರು. ಅವರು ಬೇಡವೆಂದರೆ ಆ ಊರಿನಲ್ಲಿ ಯಾರೂ ಅದನ್ನು ಬಳಸುವಂತಿರಲಿಲ್ಲ.

‘ಮಳೆಯಿಲ್ಲ, ಹಾಲು ತೆಗೆಯಿರಿ’ ಎಂದಿತು ಫೋನು. ಚೇಚಿ ಮರಕ್ಕೆ ಅಂಗೈ ಒತ್ತಿದರು. “ನಿನ್ನೆಯ ಮಳೆಗೆ ತೊಗಟೆ ಒದ್ದೆ ಉಂಟು ಮಾರಾಯ್ರೆ. ಆದ್ರೂ ನಿಮ್ಮ ಫೋನಿನ ಮರ್ಯಾದೆಗೆ ಒಂದು ಮರ ಟ್ಯಾಪ್ ಮಾಡುವ.” ಅವರು ಕತ್ತಿಯಿಂದ ತೊಗಟೆ ಗೀರಿದರು; ಹಾಲು ಮರಕ್ಕೆ ಕಟ್ಟಿದ್ದ ಚಿಪ್ಪಿಗೆ ಬೀಳದೆ ಒದ್ದೆ ಕಾಂಡದ ಮೇಲೆಲ್ಲ ಹರಡಿ ನೆಲ ಸೇರಿತು. ಚೇಚಿ ಜೋರಾಗಿ ನಕ್ಕರು. ನಾನೂ ನಕ್ಕೆನೆಂದು ನನ್ನ ಅಂದಿನ ಡೈರಿಯಲ್ಲಿದೆ, ಈಗ ನನಗೇ ನಂಬಿಕೆಯಿಲ್ಲ.

“ಈ ಆ್ಯಪನ್ನು ಫೋನಿಂದ ತೆಗ್ದು ಬಿಡುದಾ?” ಎಂದು ಕೇಳಿದರು. ಒಂದು ವಾರ ಕೊಡಿ ಎಂದೆ.

ಮುಂದಿನ ವಾರ ಫೋನು ಸಲಹೆ ಕೊಡುವ ಮೊದಲು, ‘ತೊಗಟೆ ಒದ್ದೆ ಉಂಟಾ?’ ಎಂದು ಕೇಳಿತು. ಚೇಚಿ ಬೇಲಿಯಾಚೆಯ ನೆರೆಯವರಿಗೆ ಕೂಗಿ ಹೇಳಿದರು: “ಹೋಯ್, ಗೊತ್ತಿಲ್ಲದ್ದನ್ನು ಇದು ಈಗ ನಮ್ಮ ಹತ್ರ ಕೇಳ್ತದೆ! ನೀವೂ ಹಾಕಿಸಿಕೊಳ್ಳಿ.”